ಒಡಲಿಗೊಪ್ಪುವ ಎದೆ: ವಿಮಾನಶಿಲ್ಪಿ ಕುರ್ಟ್ ಟಾಂಕ್

ಅಲ್ಲಾಳಸಂದ್ರದ ಕೆರೆಯ ಏರಿಯ ಮೇಲೆ ನಿಂತವರ ಕಣ್ಣು ನೀರಿನ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ತಾನಾಗಿ ಆಕಾಶದತ್ತ ಏರುತ್ತದೆ. ಒಂದು ಕಡೆಗೆ ಜಕ್ಕೂರಿನ ವಿಮಾನನಿಲ್ದಾಣ, ಇನ್ನೊಂದು ಕಡೆಗೆ ಯಲಹಂಕದ ವಾಯುಸೇನಾ ನೆಲೆ, ಬದಿಯಲ್ಲೇ ಬಳ್ಳಾರಿ ರಸ್ತೆಯ ಎಡೆಬಿಡದ ವಾಹನಪ್ರವಾಹ. 1996ರಲ್ಲಿ ಆರಂಭವಾದ ಯಲಹಂಕದ ವೈಮಾನಿಕ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ನಡೆಯುವಾಗ ಈ ಭಾಗದ ಆಕಾಶವೇ ಒಂದು ರಂಗಭೂಮಿಯಾಗುತ್ತದೆ. ಬೆಂಗಳೂರಿನಲ್ಲಿಯೇ ರೂಪುಗೊಂಡ ತೇಜಸ್ ವಿಮಾನ ಮೋಡವನ್ನು ಸೀಳಿಕೊಂಡು ಮೇಲೇರುವುದನ್ನು ಕಂಡು ಹೆಮ್ಮೆಪಡದವರಿಲ್ಲ. ಆದರೆ ಆ ವಿಮಾನದ ಒಡಲು ನಮ್ಮದು, ಒಳಗೆ ಮಿಡಿಯುವ ಎಂಜಿನು ಅಮೆರಿಕದ್ದು ಎಂಬುದನ್ನು ಬಲ್ಲವರ ಹೆಮ್ಮೆಯಲ್ಲಿ ಚಿಂತೆಯ ಎಳೆಯೊಂದು ಬೆರೆತಿರುತ್ತದೆ. ಈ ಚಿಂತೆ ಇಂದಿನದಲ್ಲ. ಅದಕ್ಕೆ ಈ ಊರಿನಲ್ಲಿ ಅರುವತ್ತು ವರ್ಷಗಳನ್ನು ಮೀರಿದ ಇತಿಹಾಸವಿದೆ. ಆ ಇತಿಹಾಸದ ಮೊದಲ ಪುಟದಲ್ಲಿ ಒಬ್ಬ ಜರ್ಮನ್ ವಿಮಾನಶಿಲ್ಪಿಯ ಹೆಸರಿದೆ.

ಆತನ ಜೀವನವನ್ನು ಹೇಳುವ ಮುನ್ನ ನೆಲದ ಮೇಲಿನ ಒಂದು ದೃಷ್ಟಾಂತವನ್ನು ನೋಡಬಹುದು. ಮೋಟಾರುಪ್ರಿಯರಲ್ಲಿ ಒಂದು ಸಾಹಸ ಪ್ರಸಿದ್ಧವಾಗಿದೆ. ಕಾಡುಮೇಡಿನ ರ‍್ಯಾಲಿ ಪಂದ್ಯಗಳಿಗಾಗಿ ಹದಗೊಂಡ ಟರ್ಬೋ ಎಂಜಿನನ್ನು ತಂದು, ಹಗುರವಾದ ಒಂದು ಕ್ರೀಡಾಕಾರಿನ ಒಡಲಿನಲ್ಲಿ ಕೂರಿಸುವುದು ಆ ಸಾಹಸ. 1996ರಿಂದ 1999ರವರೆಗೆ ಫಿನ್ಲೆಂಡಿನ ಟೊಮ್ಮಿ ಮಾಕಿನೆನ್ ಸತತವಾಗಿ ನಾಲ್ಕು ಬಾರಿ ವಿಶ್ವ ರ‍್ಯಾಲಿ ಪ್ರಶಸ್ತಿಯನ್ನು ಗೆದ್ದದ್ದು ಮಿತ್ಸುಬಿಷಿ ಲ್ಯಾನ್ಸರ್ ಕಾರಿನಲ್ಲಿ. ಅಂಥ ಕಾರಿನ ಎಂಜಿನಿಗಾಗಿ ಇಂದಿಗೂ ಹುಡುಕಾಡುವವರಿದ್ದಾರೆ. ಟರ್ಬೋ ಎಂಬುದರ ತತ್ತ್ವ ಸರಳವಾದದ್ದು. ಎಂಜಿನು ಹೊರಗೆ ಉಗುಳುವ ಬಿಸಿ ಹೊಗೆಯಲ್ಲಿ ಶಕ್ತಿ ಇನ್ನೂ ಉಳಿದಿರುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಮೇಲಿನ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನಿಗೆ ತುಂಬಿದರೆ, ಅಷ್ಟೇ ಗಾತ್ರದ ಎಂಜಿನು ಇಮ್ಮಡಿ ಉಸಿರೆಳೆದ ಜಟ್ಟಿಯಂತೆ ದುಡಿಯುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು ಈ ಉಪಾಯಕ್ಕೆ ಹಕ್ಕುಪತ್ರ ಪಡೆದದ್ದು 1905ರಲ್ಲಿ.

ಕಾಗದದ ಮೇಲೆ ಇದು ಎಷ್ಟು ಸುಲಭ! ಹಳೆಯ ಎಂಜಿನನ್ನು ಎತ್ತು, ಹೊಸದನ್ನು ಇಳಿಸು. ಕೈಗೆ ಮಸಿ ಹತ್ತಿದ ಮೇಲೆ ತಿಳಿಯುವ ವಿಷಯವೇ ಬೇರೆ. ಎಂಜಿನಿನ ತೂಕ ಹೆಚ್ಚಿದರೆ ಮುಂದಿನ ಸ್ಪ್ರಿಂಗು ಕುಸಿಯುತ್ತದೆ. ಬಲ ಹೆಚ್ಚಿದರೆ ಗೇರುಪೆಟ್ಟಿಗೆ ಸೋಲುತ್ತದೆ. ಶಾಖ ಹೆಚ್ಚಿದರೆ ರೇಡಿಯೇಟರು ಸಾಲದು. ವೇಗ ಹೆಚ್ಚಿದರೆ ಬ್ರೇಕು ಸಾಲದು. ಹೊಸ ಎಂಜಿನು ಬಂದ ದಿನದಿಂದ ಹಳೆಯ ಕಾರು ಹಳೆಯ ಕಾರಾಗಿ ಉಳಿಯುವುದಿಲ್ಲ. ಒಂದು ಅಂಗವನ್ನು ಬದಲಿಸಲು ಹೊರಟವನು ಕಡೆಗೆ ಇಡೀ ದೇಹವನ್ನು ಪುನಃ ಕಟ್ಟಬೇಕಾಗುತ್ತದೆ. ಈ ಸತ್ಯವನ್ನು ನೆಲದ ಮೇಲಲ್ಲ, ಆಕಾಶದಲ್ಲಿ, ಒಮ್ಮೆಯಲ್ಲ, ಜೀವಮಾನವಿಡೀ ಅನುಭವಿಸಿದವನು ಕುರ್ಟ್ ಟಾಂಕ್. ಆ ಜೀವಮಾನದ ಸುಮಾರು ಹನ್ನೊಂದು ವರ್ಷಗಳು ನಮ್ಮ ಬೆಂಗಳೂರಿನಲ್ಲಿ ಕಳೆದವು.

ಟಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಅಂದಿನ ಜರ್ಮನಿಗೆ ಸೇರಿದ್ದ ಬ್ರೊಂಬರ್ಗ್ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿನ ಬಿದ್ಗೋಷ್ಚ್. ಸೈನಿಕರ ಮನೆತನ, ತಂದೆಯೂ ಸೈನಿಕ. ಮೊದಲನೆಯ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನಪಡೆಯನ್ನು ಸೇರುವ ಆಸೆಯಿತ್ತು. ತಂದೆ ಒಪ್ಪಲಿಲ್ಲ. ಮನೆತನದ ಪದ್ಧತಿಗೆ ತಲೆಬಾಗಿ ಅವನು ಅಶ್ವದಳವನ್ನು ಸೇರಿದ; ಕಾದಿದ, ಗಾಯಗೊಂಡ, ಬದುಕಿ ಹಿಂದಿರುಗಿದ. ಆಕಾಶದ ಬದಲು ಕುದುರೆಯ ಬೆನ್ನು ದೊರೆತದ್ದನ್ನು ಆತ ಆಗ ದುರದೃಷ್ಟವೆಂದೇ ಎಣಿಸಿರಬೇಕು. ಆದರೆ ಕುದುರೆಯಿಂದ ಕಲಿತ ಪಾಠವೊಂದು ಮುಂದೆ ಆತನ ಅತ್ಯಂತ ಪ್ರಸಿದ್ಧ ವಿಮಾನದ ಅಸ್ತಿಭಾರವಾಯಿತು.

ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ವಿದ್ಯುತ್ ಶಾಸ್ತ್ರವನ್ನು ಓದಿದ. ಸಹಪಾಠಿಗಳೊಡನೆ ಸೇರಿ ಎಂಜಿನಿಲ್ಲದ ಗ್ಲೈಡರುಗಳನ್ನು ಕಟ್ಟಿ ಹಾರಿಸುವ ಸಂಘವೊಂದನ್ನು ಬೆಳೆಸಿದ. 1924ರಲ್ಲಿ ರೋರ್ಬಾಖ್ ಕಂಪನಿಯನ್ನು ಸೇರಿ ಲೋಹದ ವಿಮಾನಗಳ ಕೆಲಸದಲ್ಲಿ ಕೈ ಪಳಗಿಸಿಕೊಂಡ. 1930ರ ಸುಮಾರಿಗೆ ಬವೇರಿಯದ ವಿಮಾನ ಕಾರ್ಖಾನೆಯಲ್ಲೂ ಆಲ್ಬಟ್ರಾಸ್ ಕಂಪನಿಯಲ್ಲೂ ಸ್ವಲ್ಪ ಸ್ವಲ್ಪ ಕಾಲವಿದ್ದು, 1931ರಲ್ಲಿ ಬ್ರೆಮೆನ್ನಿನ ಫಾಕೆ-ವುಲ್ಫ್ ಸಂಸ್ಥೆಗೆ ಬಂದ. ವಿನ್ಯಾಸ ವಿಭಾಗದ ಹೊಣೆ ಕೈಗೆ ಬಂತು. ಎಂಜಿನಿಯರೂ ಹೌದು, ನುರಿತ ವಿಮಾನಚಾಲಕನೂ ಹೌದು ಎಂಬ ಅಪೂರ್ವ ಸಂಯೋಗ ಆತನಲ್ಲಿತ್ತು. ತಾನು ಬರೆದ ನಕ್ಷೆಯ ತಪ್ಪನ್ನು ತನ್ನ ಪ್ರಾಣವನ್ನೇ ಪಣವಾಗಿಟ್ಟು ತಿಳಿಯುವವನ ವಿನ್ಯಾಸಕ್ಕೆ ಒಂದು ಬಗೆಯ ಪ್ರಾಮಾಣಿಕತೆ ತಾನಾಗಿ ಬರುತ್ತದೆ.

1937ರ ಜುಲೈ 27ರಂದು ನಾಲ್ಕು ಎಂಜಿನುಗಳ ಕಾಂಡಾರ್ ವಿಮಾನವನ್ನು ಮೊದಲ ಬಾರಿಗೆ ಮೇಲಕ್ಕೆತ್ತಿದವನು ಸ್ವತಃ ಟಾಂಕನೇ. ಅದು ಪ್ರಯಾಣಿಕರ ವಿಮಾನ. ಮರುವರ್ಷದ ಆಗಸ್ಟಿನಲ್ಲಿ ಅದು ಬರ್ಲಿನ್ನಿನಿಂದ ಹೊರಟು ಎಲ್ಲಿಯೂ ಇಳಿಯದೆ ಸುಮಾರು ಇಪ್ಪತ್ತೈದು ಗಂಟೆಗಳಲ್ಲಿ ನ್ಯೂಯಾರ್ಕನ್ನು ಮುಟ್ಟಿ ಜಗತ್ತನ್ನು ಬೆರಗುಗೊಳಿಸಿತು. ಯುದ್ಧ ಬಂದಾಗ ಅದೇ ವಿಮಾನಕ್ಕೆ ಬಾಂಬುಗಳನ್ನು ಹೊರಿಸಿ ಅಟ್ಲಾಂಟಿಕ್ ಸಾಗರದ ಮೇಲೆ ಹಡಗುಗಳನ್ನು ಬೇಟೆಯಾಡಲು ಕಳಿಸಿದರು. ಸುಖಪ್ರಯಾಣಕ್ಕಾಗಿ ಹಗುರವಾಗಿ ಕಟ್ಟಿದ ಒಡಲು ಆ ಹೊರೆಯನ್ನು ತಾಳಲಿಲ್ಲ. ನೆಲಕ್ಕಿಳಿಯುವಾಗ ಬೆನ್ನು ಮುರಿದು ಬಿದ್ದ ಕಾಂಡಾರುಗಳು ಹಲವು. ಒಂದು ಕೆಲಸಕ್ಕೆಂದು ಹುಟ್ಟಿದ ದೇಹಕ್ಕೆ ಇನ್ನೊಂದು ಕೆಲಸವನ್ನು ಹೇಳಿದರೆ ಆಗುವ ಫಲವನ್ನು ಟಾಂಕ್ ಹೀಗೆ ಮೊದಲೇ ಕಂಡಿದ್ದ.

ಆತನ ಕೀರ್ತಿಗೆ ಶಿಖರವಾದದ್ದು ಫಾಕೆ-ವುಲ್ಫ್ 190 ಎಂಬ ಯುದ್ಧವಿಮಾನ. ಆಗಿನ ಜರ್ಮನಿಯ ಮೆಸ್ಸರ್‌ಸ್ಮಿಟ್ ಮತ್ತು ಇಂಗ್ಲೆಂಡಿನ ಸ್ಪಿಟ್‌ಫೈರ್ ವಿಮಾನಗಳು ಟಾಂಕನ ದೃಷ್ಟಿಯಲ್ಲಿ ಜೂಜಿನ ಕುದುರೆಗಳು. ಹದವಾದ ಮೇವು, ಹದವಾದ ನೆಲ, ನುರಿತ ಸವಾರ ದೊರೆತರೆ ಅವುಗಳಿಗೆ ಸಮನಿಲ್ಲ. ದೊರೆಯದಿದ್ದರೆ ಅವುಗಳಷ್ಟು ಕೋಮಲವಾದದ್ದೂ ಇಲ್ಲ. ಆತನಿಗೆ ಬೇಕಾಗಿದ್ದುದು ಅಶ್ವದಳದ ದುಡಿಮೆಯ ಕುದುರೆ. ಒರಟು ಬಯಲಿನಲ್ಲಿ ಇಳಿಯಬೇಕು, ಅರೆಬರೆ ಕಲಿತವನ ಕೈಯಲ್ಲೂ ದುರಸ್ತಾಗಬೇಕು, ಗುಂಡು ತಗಲಿದರೂ ಸವಾರನನ್ನು ಮನೆಗೆ ತರಬೇಕು. ಆದ್ದರಿಂದ ಗಾಲಿಗಳನ್ನು ಅಗಲವಾಗಿ ನಿಲ್ಲಿಸಿದ. ಕೊಳವೆ ಒಡೆದರೆ ನೀರು ಸೋರಿ ಸಾಯುವ ಎಂಜಿನಿನ ಬದಲು ಗಾಳಿಯಿಂದಲೇ ತಣಿಯುವ ಎಂಜಿನನ್ನು ಆರಿಸಿಕೊಂಡ.

1939ರ ಜೂನ್ 1ರಂದು ಹಾನ್ಸ್ ಸಾಂಡರ್ ಬ್ರೆಮೆನ್ನಿನಲ್ಲಿ ಆ ವಿಮಾನದ ಮೊದಲ ಹಾರಾಟ ನಡೆಸಿದ. ಹಾರಾಟವೇನೋ ಸೊಗಸಾಗಿತ್ತು, ಆದರೆ ಎಂಜಿನಿನ ಬೆನ್ನಿಗೇ ಇದ್ದ ಚಾಲಕನ ಗೂಡು ಕುಲುಮೆಯಂತೆ ಕಾಯುತ್ತಿತ್ತು. ಅಷ್ಟರಲ್ಲಿ ಎಂಜಿನು ತಯಾರಕರಾದ ಬಿಎಂಡಬ್ಲ್ಯು ಕಂಪನಿಯವರು ತಮ್ಮ 139 ಎಂಬ ಆ ಮಾದರಿಯನ್ನು ಕೈಬಿಟ್ಟು 801 ಎಂಬ ಹೊಸ ಮಾದರಿಯನ್ನು ಹಿಡಿದಿದ್ದರು. ಹೊಸದು ಬಲಶಾಲಿ, ಆದರೆ ಸುಮಾರು 160 ಕಿಲೋಗ್ರಾಂ ಹೆಚ್ಚು ಭಾರ. ಮೂಗಿನ ಭಾರವನ್ನು ಸರಿದೂಗಿಸಲು ಚಾಲಕನ ಗೂಡನ್ನು ಹಿಂದಕ್ಕೆ ಸರಿಸಿದರು. ಅದರಿಂದ ಶಾಖದ ಬಾಧೆಯೂ ತಗ್ಗಿತು. ಒಡಲನ್ನು ಬಲಪಡಿಸಿದರು, ತೂಕ ಇನ್ನೂ ಏರಿತು. ಆಗ ಗಾಳಿಯಲ್ಲಿ ಹೊರಳುವ ಚುರುಕು ಕುಂದಿತು. ಅದನ್ನು ಮರಳಿ ಪಡೆಯಲು ರೆಕ್ಕೆಯ ವಿಸ್ತಾರವನ್ನು 15 ಚದರ ಮೀಟರಿನಿಂದ 18.3 ಚದರ ಮೀಟರಿಗೆ ಹಿಗ್ಗಿಸಿದರು. ಎಂಜಿನು ಬದಲಾಯಿತು ಎಂಬ ಒಂದೇ ಕಾರಣಕ್ಕೆ ಗೂಡು, ಒಡಲು, ರೆಕ್ಕೆ ಮೂರೂ ಬದಲಾದವು. ಈ ಸರಪಣಿಯ ಒಂದು ಕೊಂಡಿಯನ್ನೂ ಟಾಂಕ್ ತಪ್ಪಿಸಲಿಲ್ಲ. ಅದೇ ಆತನ ಗೆಲುವಿನ ಗುಟ್ಟು. 1941ರಲ್ಲಿ ಫ್ರಾನ್ಸಿನ ಕರಾವಳಿಯ ಮೇಲೆ ಈ ವಿಮಾನ ಕಾಣಿಸಿಕೊಂಡಾಗ ಆಗಿನ ಸ್ಪಿಟ್‌ಫೈರ್ ಅದಕ್ಕೆ ಸಾಟಿಯಾಗಲಿಲ್ಲ.

ಆದರೆ ಎತ್ತರ ಹೆಚ್ಚಿದಂತೆ, ಸುಮಾರು 6,000 ಮೀಟರುಗಳ ಮೇಲೆ, ಆ ಎಂಜಿನಿಗೆ ಉಸಿರು ಕಟ್ಟುತ್ತಿತ್ತು. ಅಮೆರಿಕದ ಬಾಂಬರುಗಳು ಬರುತ್ತಿದ್ದುದು ಆ ಎತ್ತರದಲ್ಲೇ. ಮೊದಲು ನೋಡಿದ್ದು ಟರ್ಬೋ ಉಪಾಯ. ನೀರಿನಿಂದ ತಣಿಯುವ ಡೈಮ್ಲರ್-ಬೆಂಜ್ ಎಂಜಿನಿಗೆ ಟರ್ಬೋಚಾರ್ಜರನ್ನು ಜೋಡಿಸಿ, ಅದನ್ನು ಹೊಟ್ಟೆಯ ಕೆಳಗೆ ಉಬ್ಬಿದ ಒಂದು ಚೀಲದಂಥ ಭಾಗದಲ್ಲಿ ಇರಿಸಿದರು. ನೋಡಿದವರು ಆ ವಿಮಾನಕ್ಕೆ ಕಾಂಗರೂ ಎಂದು ಅಡ್ಡಹೆಸರಿಟ್ಟರು. ಕೆಂಪಗೆ ಕಾದ ಹೊಗೆಯಲ್ಲಿ ಅತಿವೇಗದಿಂದ ತಿರುಗುವ ಚಕ್ರಕ್ಕೆ ಬೇಕಾದ ಉತ್ತಮ ಮಿಶ್ರಲೋಹಗಳು ಯುದ್ಧಕಾಲದ ಜರ್ಮನಿಯಲ್ಲಿ ದುರ್ಲಭವಾಗಿದ್ದವು. ಯಂತ್ರ ಪದೇ ಪದೇ ಕೆಟ್ಟಿತು, ಯೋಜನೆ ನಿಂತಿತು.

ಉಳಿದ ದಾರಿ ಯುಂಕರ್ಸ್ ಕಂಪನಿಯ 213 ಎಂಬ ಎಂಜಿನು. ಅದು ಬಾಂಬರುಗಳಿಗೆಂದು ಎಣಿಸಿದ್ದ ಹನ್ನೆರಡು ಸಿಲಿಂಡರುಗಳ ಉದ್ದನೆಯ ಯಂತ್ರ. ಅದನ್ನು ಕೂರಿಸಿದಾಗ ವಿಮಾನದ ಮೂಗು ನೀಳವಾಗಿ ಮುಂದಕ್ಕೆ ಚಾಚಿತು. ತಕ್ಕಡಿಯನ್ನು ಸರಿದೂಗಿಸಲು ಬಾಲದ ಮುಂದೆ ಅರ್ಧ ಮೀಟರಿನ ಒಂದು ತುಂಡನ್ನು ಸೇರಿಸಿದರು. ನಿಂತ ಬಾಲವನ್ನು ದೊಡ್ಡದು ಮಾಡಿದರು. 1944ರಲ್ಲಿ ಈ ನೀಳಮೂಗಿನ ವಿಮಾನವನ್ನು ಕಂಡ ಚಾಲಕರು ಮೊದಮೊದಲು ಮೂಗು ಮುರಿದರು. ಹಾರಿಸಿದ ಮೇಲೆ ಅವರ ಸಂಶಯ ಹರಿಯಿತು. ಇದು ತಾತ್ಕಾಲಿಕವೆಂದೇ ಟಾಂಕ್ ಭಾವಿಸಿದ್ದ. ಆದರೂ ಎಂಜಿನು ಬದಲಾವಣೆಯ ಕಲೆಗೆ ಇಂದಿಗೂ ಇದನ್ನು ಮೇಲುಪಂಕ್ತಿಯಾಗಿ ತೋರಿಸುತ್ತಾರೆ. ಇದರ ಮುಂದಿನ ರೂಪಕ್ಕೆ ಶಿಲ್ಪಿಯ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಟಿಎ 152 ಎಂದು ಕರೆದರು.

ಇಲ್ಲಿ ಒಂದು ಮಾತನ್ನು ಮರೆಮಾಡದೆ ಹೇಳಬೇಕು. ಇಪ್ಪತ್ತು ಸಾವಿರಕ್ಕೂ ಮಿಕ್ಕಿ ತಯಾರಾದ ಈ ವಿಮಾನಗಳು ಹಾರಿದ್ದು ನಾಟ್ಸಿ ಆಳ್ವಿಕೆಯ ಸೇವೆಯಲ್ಲಿ. ಫಾಕೆ-ವುಲ್ಫ್ ಕಾರ್ಖಾನೆಗಳಲ್ಲಿ ಬಲಾತ್ಕಾರವಾಗಿ ಹಿಡಿದು ತಂದ ಪರದೇಶದ ಕೂಲಿಗಳು ದುಡಿದರು. ಆ ಆಳ್ವಿಕೆ ಟಾಂಕನಿಗೆ ಪ್ರಾಧ್ಯಾಪಕ ಪದವಿಯ ಗೌರವವನ್ನೂ ಅಧಿಕಾರವನ್ನೂ ಕೊಟ್ಟಿತು, ಆತ ಸ್ವೀಕರಿಸಿದ. ಯಂತ್ರದ ಒಂದೊಂದು ಕೊಂಡಿಯ ಪರಿಣಾಮವನ್ನೂ ಕೊನೆಯವರೆಗೆ ಲೆಕ್ಕಹಾಕುತ್ತಿದ್ದ ಬುದ್ಧಿ, ಆ ಯಂತ್ರ ಯಾರ ಕೈಯಲ್ಲಿ ಏನಾಗುತ್ತದೆ ಎಂಬ ಲೆಕ್ಕವನ್ನು ಮಾಡಲಿಲ್ಲ. ಪ್ರತಿಭೆಯನ್ನು ಮೆಚ್ಚುವವರು ಈ ಕೊರತೆಯನ್ನೂ ಕಾಣಬೇಕು.

1945ರಲ್ಲಿ ಜರ್ಮನಿ ಸೋತಿತು. ಅಲ್ಲಿ ವಿಮಾನ ಕಟ್ಟುವುದಕ್ಕೇ ನಿಷೇಧ ಬಂತು. ಎಂಜಿನೇನೋ ಸುಸ್ಥಿತಿಯಲ್ಲಿದೆ, ಕೂರಿಸಲು ಗಾಡಿಯಿಲ್ಲ ಎಂಬ ಸ್ಥಿತಿ ಟಾಂಕನದು. ಹಲವು ದೇಶಗಳೊಡನೆ ಮಾತುಕತೆ ನಡೆದು ಮುರಿದ ಮೇಲೆ, 1947ರಲ್ಲಿ ಪೆದ್ರೋ ಮಾಥೀಸ್ ಎಂಬ ಬೇರೊಂದು ಹೆಸರಿನ ಕಾಗದಪತ್ರದೊಡನೆ ಅರ್ಜೆಂಟೀನಾಕ್ಕೆ ಹೋದ. ಹಳೆಯ ಸಹೋದ್ಯೋಗಿಗಳು ಅನೇಕರು ಹಿಂಬಾಲಿಸಿದರು. ಕೋರ್ಡೊಬ ನಗರದಲ್ಲಿ, ಅಧ್ಯಕ್ಷ ಪೆರೋನನ ಆಶ್ರಯದಲ್ಲಿ, ಪುಲ್ಕಿ ಎರಡು ಎಂಬ ಜೆಟ್ ಯುದ್ಧವಿಮಾನದ ಕೆಲಸ ನಡೆಯಿತು. ಅಲ್ಲಿಯೂ ಅದೇ ಹಳೆಯ ಪಾಠ. ಜರ್ಮನಿಯಲ್ಲಿ ಕಲ್ಪಿಸಿದ್ದ ಒಡಲು ಸಣ್ಣ ಸುತ್ತಳತೆಯ ಜೆಟ್ಟಿಗೆ. ಕೈಗೆ ದೊರೆತದ್ದು ರೋಲ್ಸ್-ರಾಯ್ಸ್ ಕಂಪನಿಯ ನೀನ್ ಎಂಬ ದಪ್ಪ ಎಂಜಿನು. ಒಡಲನ್ನು ಸುತ್ತಲೂ ಹಿಗ್ಗಿಸಿ ಹೊಸದಾಗಿ ಬರೆಯಬೇಕಾಯಿತು. 1950ರಲ್ಲಿ ಅದು ಹಾರಿತು. 1951ರ ಫೆಬ್ರವರಿಯಲ್ಲಿ ಬ್ಯೂನಸ್ ಐರಿಸ್ಸಿನಲ್ಲಿ ಜನಸಮೂಹದ ಮುಂದೆ ಟಾಂಕನೇ ಅದನ್ನು ಹಾರಿಸಿ ತೋರಿಸಿದ. ಆದರೆ ಪರೀಕ್ಷಾ ಹಾರಾಟಗಳಲ್ಲಿ ಪ್ರಾಣಗಳೂ ಹೋದವು. ಫಾಕೆ-ವುಲ್ಫ್ 190ರ ಪರೀಕ್ಷಾಪಡೆಯನ್ನು ನಡೆಸಿದ್ದ ಓಟೋ ಬೆರೆನ್ಸ್ 1952ರಲ್ಲಿ ಹೀಗೆ ಮಡಿದ. 1955ರಲ್ಲಿ ಪೆರೋನ್ ಪದಚ್ಯುತನಾದ. ಟಾಂಕನ ತಂಡ ಚೆದುರಿತು.

ಇದೇ ಸಮಯದಲ್ಲಿ ಭಾರತ ಒಂದು ಕನಸನ್ನು ಕಾಣುತ್ತಿತ್ತು. ಬೆಂಗಳೂರಿನಲ್ಲಿ 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ನೆಟ್ಟ ಹಿಂದುಸ್ತಾನ್ ವಿಮಾನ ಕಾರ್ಖಾನೆ ಬೇರುಬಿಟ್ಟಿತ್ತು. ಜರ್ಮನಿಯ ಗಾಟಿಂಗೆನ್ನಿನಲ್ಲಿ ಕಲಿತು ಬಂದ ವಿ. ಎಂ. ಘಾಟ್ಗೆಯವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲೇ ಹಾರಿತ್ತು. ಆದರೆ ಪಿಸ್ಟನ್ನಿನ ತರಬೇತಿ ವಿಮಾನಕ್ಕೂ ಶಬ್ದವೇಗವನ್ನು ಮೀರುವ ಜೆಟ್ ಯುದ್ಧವಿಮಾನಕ್ಕೂ ಇರುವ ಅಂತರ ಸಣ್ಣದಲ್ಲ. ಭಾರತ ಸರ್ಕಾರ ಟಾಂಕನನ್ನು ಕರೆಸಿತು. 1956ರಲ್ಲಿ ಆತ ತನ್ನ ಸಹಾಯಕ ಮಿಟೆಲ್‌ಹೂಬರನೊಡನೆ, ಸುಮಾರು 18 ಜರ್ಮನ್ ಎಂಜಿನಿಯರುಗಳ ಗುಂಪಿನೊಡನೆ, ಬೆಂಗಳೂರಿಗೆ ಬಂದ. ಆಗ ಆತನಿಗೆ ಐವತ್ತೆಂಟು ವರ್ಷ.

ಆತ ಬರೆದ ನಕ್ಷೆ ಎಚ್‌ಎಫ್-24. ಬಿರುಗಾಳಿಯ ದೇವತೆಗಳಾದ ಮರುತರ ನೆನಪಿನಲ್ಲಿ ಅದಕ್ಕೆ ಮಾರುತ್ ಎಂಬ ಹೆಸರಾಯಿತು. ಹಿಂದಕ್ಕೆ ಬಾಗಿದ ತೆಳುವಾದ ರೆಕ್ಕೆ. ಗಾಳಿಯ ತಡೆ ತಗ್ಗಲೆಂದು ನಡುವನ್ನು ಕಿರಿದಾಗಿಸಿದ ನೀಳ ಒಡಲು. ಹೊಟ್ಟೆಯಲ್ಲಿ ಜೋಡಿ ಎಂಜಿನುಗಳು. ಮೊದಲು ಅದೇ ಗಾತ್ರದ ಮರದ ಗ್ಲೈಡರನ್ನು ಕಟ್ಟಿ, 1959ರಲ್ಲಿ ಡಕೋಟ ವಿಮಾನಕ್ಕೆ ಕಟ್ಟಿ ಎಳೆಸಿ, ಮೇಲೆ ಬಿಟ್ಟು, ಒಡಲಿನ ಗುಣವನ್ನು ಪರೀಕ್ಷಿಸಿದರು. ಬರ್ಲಿನ್ನಿನಲ್ಲಿ ವಿದ್ಯಾರ್ಥಿಯಾಗಿ ಗ್ಲೈಡರು ಕಟ್ಟಿದವನು ಬೆಂಗಳೂರಿನಲ್ಲಿ ಅದೇ ವಿದ್ಯೆಗೆ ಮರಳಿದ್ದ. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರು ಎಂಜಿನು ತೊಟ್ಟ ಮಾರುತವನ್ನು ಮೊದಲ ಬಾರಿಗೆ ಹಾರಿಸಿದರು. ಕೆಲವೇ ವರ್ಷಗಳ ಹಿಂದೆ ಪಿಸ್ಟನ್ ವಿಮಾನದೊಡನೆ ಪಾಠ ಆರಂಭಿಸಿದ್ದ ಕಾರ್ಖಾನೆ ಜೆಟ್ ಯುದ್ಧವಿಮಾನವನ್ನು ಆಕಾಶಕ್ಕೆ ಕಳಿಸಿತ್ತು. ಒಡಲು ಅಪೂರ್ವವಾಗಿತ್ತು, ಹಾರಿಸಿದವರೆಲ್ಲ ಅದರ ನಡತೆಯನ್ನು ಮೆಚ್ಚಿದರು.

ಕೊರತೆಯಿದ್ದುದು ಎದೆಯಲ್ಲಿ. ಈ ಒಡಲನ್ನು ರೂಪಿಸಿದ್ದು ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿಯವರು ತಯಾರಿಸಬೇಕೆಂದಿದ್ದ ಆರ್ಫಿಯಸ್ 12 ಎಂಬ ಎಂಜಿನಿಗಾಗಿ. ಹೊಗೆಯಲ್ಲಿ ಮತ್ತೆ ಇಂಧನ ಸುರಿದು ಉರಿಸುವ ಪುನರ್ದಹನದ ವ್ಯವಸ್ಥೆಯೊಡನೆ ಅದು ಒಂದೊಂದಕ್ಕೆ ಸುಮಾರು 3,700 ಕಿಲೋಗ್ರಾಂ ನೂಕುಬಲ ಕೊಡಬೇಕಾಗಿತ್ತು. ಹಾಗಾಗಿದ್ದರೆ ಮಾರುತ ಶಬ್ದದ ಎರಡು ಪಟ್ಟು ವೇಗವನ್ನು ಎಟುಕುವುದೆಂದು ಲೆಕ್ಕ. ಆದರೆ ಯೂರೋಪಿನ ಮಿತ್ರಕೂಟ ಆ ಎಂಜಿನಿನಲ್ಲಿ ಆಸಕ್ತಿ ಕಳೆದುಕೊಂಡಿತು. ಉಳಿದ ಕೆಲಸದ ವೆಚ್ಚವನ್ನು ಹೊರಲು ಇಂಗ್ಲೆಂಡು ಸಿದ್ಧವಿರಲಿಲ್ಲ, ಭಾರತವೂ ಹೊರಲಿಲ್ಲ. ಎಂಜಿನು ಹುಟ್ಟುವ ಮುನ್ನವೇ ಅಳಿಯಿತು. ನ್ಯಾಟ್ ವಿಮಾನಕ್ಕೆ ಅಳವಡಿಸಿದ್ದ ಆರ್ಫಿಯಸ್ ವಂಶದ್ದೇ ಆದ 703 ಎಂಬ ಮಾದರಿ, ಸುಮಾರು 2,200 ಕಿಲೋಗ್ರಾಂ ನೂಕುಬಲದ್ದು, ಸದ್ಯಕ್ಕೆಂದು ಮಾರುತದ ಎದೆಯಲ್ಲಿ ಕುಳಿತಿತು. ಆ ಸದ್ಯವೇ ಶಾಶ್ವತವಾಯಿತು. ಎರಡು ಪಟ್ಟಿನ ಮಾತಿರಲಿ, ಶಬ್ದವೇಗದ ಹೊಸ್ತಿಲನ್ನು ಮುಟ್ಟುವುದೇ ಅದಕ್ಕೆ ಪ್ರಯಾಸವಾಯಿತು.

ಮುಂದಿನ ವರ್ಷಗಳ ಕಥೆ ಎಂಜಿನನ್ನು ಹುಡುಕಿದ ಕಥೆ. ಸೋವಿಯತ್ ದೇಶದ ಆರ್‌ಡಿ-9 ಎಂಜಿನನ್ನು ಪರೀಕ್ಷಿಸಿದರು, ಒಗ್ಗಲಿಲ್ಲ. ಆಗ ಈಜಿಪ್ಟಿನ ಹೆಲ್ವಾನಿನಲ್ಲಿ ಆಸ್ಟ್ರಿಯದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನನ್ನು ರೂಪಿಸುತ್ತಿದ್ದ. ಅದಕ್ಕೆ ಜತೆಯಾದ ಎಚ್‌ಎ-300 ವಿಮಾನ ಟಾಂಕನ ಹಳೆಯ ಪ್ರತಿಸ್ಪರ್ಧಿ ಮೆಸ್ಸರ್‌ಸ್ಮಿಟ್ ಬರೆದ ನಕ್ಷೆ. 1964ರಲ್ಲಿ ಅದರ ಮೊದಲ ಹಾರಾಟವನ್ನು ನಡೆಸಿದವರು ಭಾರತದ ಕಪಿಲ್ ಭಾರ್ಗವ. ಒಡಲು ಬೆಂಗಳೂರಿನಲ್ಲಿದೆ, ಎಂಜಿನು ಕೈರೋದ ಬಳಿ ಇದೆ; ಎರಡೂ ಬಡದೇಶಗಳು ಕೈಗೂಡಿಸಿದರೆ ಇಬ್ಬರ ಕೊರತೆಯೂ ತುಂಬುತ್ತದೆ. ಮಾರುತವೊಂದು ಈಜಿಪ್ಟಿಗೆ ಹೋಯಿತು. ಒಂದು ಆರ್ಫಿಯಸ್ಸನ್ನು ಹಾಗೆಯೇ ಬಿಟ್ಟು, ಇನ್ನೊಂದರ ಜಾಗದಲ್ಲಿ ಇ-300ನ್ನು ಕೂರಿಸಿ, 1967ರ ಮಾರ್ಚಿಯಲ್ಲಿ ಹಾರಿಸಿದರು. ಇದಕ್ಕಿಂತ ಆಶಾದಾಯಕವಾದ ಎಂಜಿನು ಬದಲಾವಣೆ ಮತ್ತೊಂದಿರಲಿಲ್ಲ. ಆದರೆ ಆ ಜೂನಿನಲ್ಲಿ ಇಸ್ರೇಲಿನೊಡನೆ ನಡೆದ ಯುದ್ಧ ಈಜಿಪ್ಟನ್ನು ಜರ್ಝರಿತಗೊಳಿಸಿತು. 1969ರಲ್ಲಿ ಆ ಯೋಜನೆಯೂ ಮುಚ್ಚಿಹೋಯಿತು.

ಇತ್ತ ಬೆಂಗಳೂರಿನಲ್ಲಿ ನಮ್ಮವರೇ ಒಂದು ದಾರಿಯನ್ನು ಹಿಡಿದರು. ಗ್ಯಾಸ್ ಟರ್ಬೈನ್ ಸಂಶೋಧನಾಲಯದವರು ಆರ್ಫಿಯಸ್ 703ಕ್ಕೇ ಪುನರ್ದಹನದ ವ್ಯವಸ್ಥೆಯನ್ನು ಸೇರಿಸಿದರು. ಅದನ್ನು ಒಳಗೊಳ್ಳಲು ಒಡಲಿನ ಹಿಂಭಾಗವನ್ನು ದಪ್ಪ ಮಾಡಬೇಕಾಯಿತು. ದಪ್ಪವಾದಾಗ ಗಾಳಿಯ ತಡೆ ಹೆಚ್ಚಿತು. ಎಂಜಿನು ಗಳಿಸಿಕೊಟ್ಟ ಬಲದ ಬಹುಪಾಲನ್ನು ಆ ತಡೆಯೇ ನುಂಗಿತು. 1970ರ ಜನವರಿ 10ರಂದು ಇಂಥ ವಿಮಾನವೊಂದು ನೆಲ ಬಿಟ್ಟೇಳುವ ಹೊತ್ತಿನಲ್ಲೇ ಉರುಳಿತು. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ಪ್ರಾಣ ಕಳೆದುಕೊಂಡರು. ಮಾರುತವನ್ನು ಮೊದಲು ಆಕಾಶಕ್ಕೆ ಒಯ್ದ ಕೈಗಳು ಮಾರುತದಲ್ಲೇ ಅಡಗಿದವು. ಹಳೆಯ ವಿಮಾನನಿಲ್ದಾಣದ ಕಡೆಯ ರಸ್ತೆಯೊಂದಕ್ಕೆ ಅವರ ಹೆಸರಿದೆ. ದಿನವೂ ಅಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ಕಥೆ ಗೊತ್ತು?

ಅಷ್ಟರಲ್ಲಿ ಟಾಂಕ್ ಬೆಂಗಳೂರಿನಲ್ಲಿರಲಿಲ್ಲ. 1967ರಲ್ಲಿ ಆತ ಜರ್ಮನಿಗೆ ಮರಳಿದ್ದ. ಅದೇ ವರ್ಷ ಮಾರುತ ನಮ್ಮ ವಾಯುಸೇನೆಯ ಹತ್ತನೆಯ ಸ್ಕ್ವಾಡ್ರನ್ನನ್ನು ಸೇರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅದು ತನ್ನ ಯೋಗ್ಯತೆಯನ್ನು ತೋರಿತು. ನೆಲದಿಂದ ಬಂದ ಗುಂಡಿಗೆ ಕೆಲವು ಬಲಿಯಾದರೂ, ಆಕಾಶದ ಕಾಳಗದಲ್ಲಿ ಒಂದನ್ನೂ ಶತ್ರುವಿಮಾನ ಕೆಡಹಲಿಲ್ಲ. ಒಂದು ಎಂಜಿನು ಕೆಟ್ಟಾಗ ಇನ್ನೊಂದರ ಬಲದಿಂದ ಮನೆಗೆ ಮರಳಿದ ಮಾರುತಗಳಿದ್ದವು. ಜೂಜಿನ ಕುದುರೆಯಾಗಬೇಕೆಂದು ಬಯಸಿದ್ದ ವಿಮಾನ, ಎಂಜಿನಿನ ಬಡತನದಿಂದಾಗಿ, ಟಾಂಕ್ ಒಮ್ಮೆ ಬಯಸಿದ್ದ ಅಶ್ವದಳದ ಕುದುರೆಯೇ ಆಗಿಬಿಟ್ಟಿತು. ಸವಾರನನ್ನು ಬೆನ್ನಿನಿಂದ ಕೆಡಹಲಿಲ್ಲ. ಒಟ್ಟು 147 ಮಾರುತಗಳು ತಯಾರಾದವು. 1980ರ ದಶಕದಲ್ಲಿ ಅವು ಸೇನೆಯ ಸಾಲಿನಿಂದ ಹಿಂದೆ ಸರಿದವು. ಟಾಂಕ್ 1983ರ ಜೂನ್ 5ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡ.

ಆತನ ಬೆಂಗಳೂರಿನ ಕೆಲಸ ಸೋಲೋ ಗೆಲುವೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ವೇಗದ ಅಳತೆಗೋಲು ಹಿಡಿದವರು ಸೋಲೆನ್ನುತ್ತಾರೆ. ಆದರೆ ತಪ್ಪು ಒಡಲಿನದಲ್ಲ. ಎಂಜಿನು ಕೈಗೆ ಬರುವ ಮೊದಲೇ ವಿಮಾನವನ್ನು ಕಟ್ಟಲು ಹೊರಟದ್ದು, ಎಂಜಿನನ್ನು ಪೇಟೆಯಲ್ಲಿ ಕೊಳ್ಳಬಹುದಾದ ಸರಕೆಂದು ನಂಬಿದ್ದು ಆ ಕಾಲದ ತಪ್ಪು. ಬ್ರೆಮೆನ್ನಿನಲ್ಲಿ ಟಾಂಕನಿಗೆ ಒಂದು ಎಂಜಿನು ಕೈಕೊಟ್ಟರೆ ಹತ್ತಿರದಲ್ಲೇ ಇನ್ನೆರಡು ಕಾರ್ಖಾನೆಗಳ ಎಂಜಿನುಗಳಿದ್ದವು; ಬದಲಾವಣೆ ಸಾಧ್ಯವಾಯಿತು. ಬೆಂಗಳೂರಿನಲ್ಲಿ ಹಾಗಿರಲಿಲ್ಲ. ಒಬ್ಬ ಪ್ರತಿಭಾವಂತನನ್ನು ಕರೆತರಬಹುದು. ಆತನ ಹಿಂದೆ ನಿಂತಿದ್ದ ಲೋಹಶಾಸ್ತ್ರವನ್ನು, ಕುಲುಮೆಗಳನ್ನು, ಕುಶಲಕರ್ಮಿಗಳ ಪರಂಪರೆಯನ್ನು ಕರೆತರಲಾಗುವುದಿಲ್ಲ. ಯೋಚಿಸಿದರೆ ಟಾಂಕನೇ ಯುದ್ಧದ ಪಂದ್ಯದಲ್ಲಿ ಹದಗೊಂಡ ಒಂದು ಎಂಜಿನು. ಅದನ್ನು ಬಿಚ್ಚಿ ತಂದು ಬಾಲ್ಯದಲ್ಲಿದ್ದ ಒಂದು ಉದ್ಯಮದ ಒಡಲಿನಲ್ಲಿ ಕೂರಿಸಿದೆವು. ಅದರ ಬಲವನ್ನು ತಾಳಲು ಒಡಲೂ ಬೆಳೆಯಬೇಕಾಯಿತು. ಆ ಬೆಳವಣಿಗೆಯೇ ನಿಜವಾದ ಲಾಭ. ಮಾರುತದ ನಕ್ಷೆಗಳ ಮೇಲೆ ಬಾಗಿ ಕಲಿತ ಒಂದು ಪೀಳಿಗೆಯ ಭಾರತೀಯ ಎಂಜಿನಿಯರುಗಳು ಈ ಊರಿನಲ್ಲಿ ವಿಮಾನವಿದ್ಯೆಯನ್ನು ಉಳಿಸಿದರು.

ಪಾಠವನ್ನು ಪೂರ್ತಿಯಾಗಿ ಕಲಿತೆವೆಂದು ಹೇಳುವ ಧೈರ್ಯ ಬಾರದು. ತೇಜಸ್ಸಿಗಾಗಿ ಕಾವೇರಿ ಎಂಬ ಎಂಜಿನಿನ ಯೋಜನೆ 1989ರಲ್ಲಿ ಮಂಜೂರಾಯಿತು. 2008ರಲ್ಲಿ ಒಡಲಿನಿಂದ ಎದೆಯನ್ನು ಬೇರ್ಪಡಿಸಿ, ವಿಮಾನ ಅಮೆರಿಕದ ಎಂಜಿನಿನೊಡನೆಯೇ ಮುಂದೆ ಸಾಗಲೆಂದು ತೀರ್ಮಾನವಾಯಿತು. ಕೈಬಿಟ್ಟ ಕೆಲಸವಲ್ಲ ಅದು, ತಡವಾದ ಕೆಲಸ. ಆದರೆ ಎಂಜಿನಿನ ವಿಷಯದಲ್ಲಿ ತಡವೆಂಬುದು ಎಷ್ಟು ದುಬಾರಿ ಎಂಬುದನ್ನು ಮಾರುತ ಹೇಳಿಕೊಟ್ಟಿದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದವರು ಒಂದು ಮಾರುತವನ್ನು ನೋಡಬಹುದು. ಅದರ ಒಡಹುಟ್ಟು ಒಂದು ಮ್ಯೂನಿಕ್ಕಿನ ಬಳಿಯ ಶ್ಲೈಸ್‌ಹೈಮ್ ವಿಮಾನ ಸಂಗ್ರಹಾಲಯದಲ್ಲಿ, ಅದರ ಶಿಲ್ಪಿ ಕಣ್ಣುಮುಚ್ಚಿದ ಊರಿನ ಹೊರವಲಯದಲ್ಲಿ, ನಿಂತಿದೆ. ಶಾಲೆಯ ಮಕ್ಕಳನ್ನು ಕಸ್ತೂರಬಾ ರಸ್ತೆಗೆ ಕರೆದೊಯ್ಯುವ ಉಪಾಧ್ಯಾಯರು ಅದರ ಚೂಪಾದ ಮೂಗನ್ನೂ ಸಣ್ಣ ನಡುವನ್ನೂ ತೋರಿಸಿ ಮುಂದೆ ಸಾಗದೆ, ಹಿಂದೆ ಹೋಗಿ ಆ ಎರಡು ಎಂಜಿನು ಬಾಯಿಗಳ ಮುಂದೆಯೂ ಒಂದು ನಿಮಿಷ ಅವರನ್ನು ನಿಲ್ಲಿಸಿದರೆ ಒಳ್ಳೆಯದು. ನಾವು ಬಲ್ಲದ್ದು ಮುಂಭಾಗದಲ್ಲಿದೆ, ಕಲಿಯಬೇಕಾದದ್ದು ಹಿಂಭಾಗದಲ್ಲಿದೆ.